ಶಕ್ತಿಯನ್ನರಿತ ವ್ರತ

ಮಂಗಳೂರಿನ ಬೇಸಗೆಯನ್ನು ಹೊರಗಿನವರು ಲಘುವಾಗಿ ಕಾಣುವುದುಂಟು. ಕಲಬುರಗಿ, ರಾಯಚೂರುಗಳಲ್ಲಿ ಉಷ್ಣತೆ 42 ಡಿಗ್ರಿಯನ್ನು ಮುಟ್ಟುವಾಗ ನಮ್ಮಲ್ಲಿ ಅದು 34, 35ರ ಆಸುಪಾಸಿನಲ್ಲಿರುತ್ತದೆ. ಆದರೆ ಒಣಹವೆಯಲ್ಲಿ ಬೆವರು ಬೇಗ ಆರುತ್ತದೆ. ಆರುವಾಗ ದೇಹದ ಕಾವನ್ನೂ ಕೊಂಡೊಯ್ಯುತ್ತದೆ. ಕಡಲ ತಡಿಯ ತೇವದ ಗಾಳಿಯಲ್ಲಿ ಬೆವರು ಸುರಿಯುತ್ತದೆ, ಸುಲಭವಾಗಿ ಆರುವುದಿಲ್ಲ. ನೀರೂ ಉಪ್ಪೂ ನಷ್ಟವಾಗಿ ಕಾವು ಒಳಗೇ ಉಳಿಯುತ್ತದೆ. ಹವಾಮಾನ ಇಲಾಖೆಯು ಬಿಸಿಗಾಳಿಯನ್ನು ಗುರುತಿಸಲು ಬಯಲುಸೀಮೆಗೆ 40 ಡಿಗ್ರಿಯ ಮಿತಿಯನ್ನು ಇಟ್ಟಿದ್ದರೆ ಕರಾವಳಿಗೆ 37 ಡಿಗ್ರಿಯನ್ನೇ ಇಟ್ಟಿದೆ.

ಈ ವಿಚಾರವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಿವೃತ್ತನಾಗಿ ಹನ್ನೆರಡು ವರ್ಷಗಳಾದ ಮೇಲೆ, ಕಳೆದ ಬೇಸಗೆಯಲ್ಲಿ, ಆಸ್ಪತ್ರೆಯ ಮಂಚದ ಮೇಲೆ ಕಲಿತೆ.

ಚತುರ್ದಶಿಯಂದು ಉಪವಾಸ ಮಾಡುವ ನಿಯಮ ನನಗೆ ಮೂವತ್ತನೆಯ ವಯಸ್ಸಿನಿಂದ ಇದೆ. ಅಂದು ನೀರನ್ನೂ ಮುಟ್ಟುತ್ತಿರಲಿಲ್ಲ. ಉದ್ಯೋಗದಲ್ಲಿದ್ದಾಗ ಅದು ಕಷ್ಟವೆನಿಸಲಿಲ್ಲ. ನಿವೃತ್ತಿಯ ಬಳಿಕ ಅದು ನನ್ನ ಹೆಮ್ಮೆಯೂ ಆಯಿತು. ಊರಿನಲ್ಲಿ ಯಾರಾದರೂ “ಈ ವಯಸ್ಸಿನಲ್ಲಿಯೂ ನಿರ್ಜಲ ಉಪವಾಸವೇ?” ಎಂದು ಕೇಳಿದರೆ ಮನಸ್ಸು ಹಿಗ್ಗುತ್ತಿತ್ತು.

ಅಂದು ಚೈತ್ರ ಶುದ್ಧ ಚತುರ್ದಶಿ. ಹಿಂದಿನ ದಿನ ಮಹಾವೀರ ಜಯಂತಿ. ಮೆರವಣಿಗೆಯಲ್ಲಿ ಬರಿಗಾಲಿನಲ್ಲಿ ಹೊತ್ತೇರುವ ತನಕ ನಡೆದು, ಏಕಾಶನ ಮುಗಿಸಿ, ಸಂಜೆ ಸೂರ್ಯಾಸ್ತಕ್ಕೆ ಮೊದಲು ನೀರನ್ನು ನಿಲ್ಲಿಸಿದ್ದೆ. ರಕ್ತದೊತ್ತಡಕ್ಕೆಂದು ನಾನು ದಿನವೂ ಬೆಳಗ್ಗೆ ನುಂಗುವ ಮಾತ್ರೆ ಮೂತ್ರವನ್ನು ಹೆಚ್ಚಿಸುವಂಥದು. ವ್ರತದ ದಿನ ನೀರಿಲ್ಲದೆ ನುಂಗುವಂತಿಲ್ಲವೆಂದು ಮರುದಿನದ ಮಾತ್ರೆಯನ್ನೂ ಅಂದು ಸಂಜೆಯೇ ನುಂಗಿಬಿಟ್ಟಿದ್ದೆ. ರಾತ್ರಿಯೆಲ್ಲ ಸೆಕೆ. ಚತುರ್ದಶಿಯ ಬೆಳಗ್ಗೆ ಬಸದಿಗೆ ಹೋಗಿ ಅಭಿಷೇಕ ನೋಡಿ ಬಂದೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕುರ್ಚಿಯಿಂದ ಎದ್ದವನು ಹಾಗೆಯೇ ಕುಸಿದೆ. ನನ್ನ ಪತ್ನಿ ಪಕ್ಕದ ಮನೆಯವರನ್ನು ಕೂಗಿ ಕರೆದು ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿದಳು.

“ಇವತ್ತು ಎಷ್ಟು ನೀರು ಕುಡಿದಿದ್ದೀರಿ?” ಎಂದು ವೈದ್ಯರು ಕೇಳಿದರು. “ಕುಡಿದಿದ್ದೇನೆ” ಎಂದೆ. ಉಪವಾಸವೆಂದರೆ ಇನ್ನು ಮುಂದೆ ಬೇಡವೆನ್ನುತ್ತಾರೆಂಬ ಭಯ. ಪತ್ನಿ ತಡೆಯಲಾರದೆ, “ಇಲ್ಲ ಡಾಕ್ಟರೇ, ನಿನ್ನೆ ಸಂಜೆಯಿಂದ ಒಂದು ಹನಿಯೂ ಇಲ್ಲ” ಎಂದಳು. ಸಲೈನ್ ಏರಿತು. ರಾತ್ರಿಯಿಡೀ ಅವಳು ಸ್ಟೂಲಿನ ಮೇಲೆ ಕುಳಿತಿದ್ದಳು. ಬೆಂಗಳೂರಿನಿಂದ ಮಗ ಫೋನ್ ಮಾಡಿದಾಗ “ಏನೂ ಇಲ್ಲ, ಸಣ್ಣ ತಲೆಸುತ್ತು” ಎಂದೆ. ಅದು ಎರಡನೆಯ ಸುಳ್ಳು.

ವ್ರತಭಂಗವಾಯಿತೆಂದು ಮೊದಲು ದುಃಖಿಸಿದೆ. ಆದರೆ ನಿದ್ರೆ ಬಾರದೆ ಯೋಚಿಸಿದಾಗ, ಸಲೈನ್ ಏರುವುದಕ್ಕೆ ಮುಂಚೆಯೇ ಸತ್ಯಾಣುವ್ರತವನ್ನು ನಾನು ಮುರಿದಿದ್ದೆನೆಂಬುದು ತಿಳಿಯಿತು. ಪ್ರಮಾದದಿಂದ ಪ್ರಾಣಗಳಿಗೆ ಉಂಟುಮಾಡುವ ಘಾತವೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ಆ ಪ್ರಾಣ ಪರರದೇ ಆಗಿರಬೇಕೆಂದಿಲ್ಲ. ಮಾತ್ರೆಯ ಗುಣವನ್ನು ವಿಚಾರಿಸದೆ, ಋತುವನ್ನು ಗಮನಿಸದೆ ನಡೆದುಕೊಂಡದ್ದು ಪ್ರಮಾದವಲ್ಲದೆ ಮತ್ತೇನು?

ಅದೇ ಗ್ರಂಥದಲ್ಲಿ ಷೋಡಶಕಾರಣ ಭಾವನೆಗಳನ್ನು ಹೇಳುವಾಗ ತ್ಯಾಗ ಮತ್ತು ತಪಸ್ಸುಗಳಿಗೆ “ಶಕ್ತಿಗೆ ಅನುಸಾರವಾಗಿ” ಎಂಬ ವಿಶೇಷಣವಿದೆ. ಇರುವ ಶಕ್ತಿಯನ್ನು ಮುಚ್ಚಿಡಬಾರದೆಂದು ನಾವು ಅದರ ಅರ್ಥ ಮಾಡುತ್ತೇವೆ, ಅದು ಸರಿಯೇ. ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸುವುದೂ ಅಷ್ಟೇ ದೋಷವೆಂದು ನನಗೆ ಎಪ್ಪತ್ತು ದಾಟಿದ ಮೇಲೆ ಹೊಳೆಯಿತು. ವೃದ್ಧಾಪ್ಯದಲ್ಲಿ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ನೀರನ್ನು ಹಿಡಿದಿಡುವ ಮೂತ್ರಪಿಂಡಗಳ ಸಾಮರ್ಥ್ಯವೂ ಕುಗ್ಗುತ್ತದೆ. “ನನಗೆ ದಾಹವೇ ಆಗುವುದಿಲ್ಲ” ಎಂದು ನಾನು ಇಂದ್ರಿಯಜಯವೆಂಬಂತೆ ಹೇಳಿಕೊಳ್ಳುತ್ತಿದ್ದುದು ವಯೋಧರ್ಮವಾಗಿತ್ತು, ಅಷ್ಟೆ.

ಸಲ್ಲೇಖನದ ಧರ್ಮವಿರುವ ನಾವು ದೇಹಕ್ಕೆ ಇಷ್ಟು ಅಂಜಬೇಕೇ ಎಂದು ಹಿರಿಯರೊಬ್ಬರು ಕೇಳಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನವನ್ನು ಹೇಳಿರುವುದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಿಗೆ. ಬೇಸಗೆಯ ದಾಹಕ್ಕೆ ಪ್ರತೀಕಾರವಿದೆ. ಅದು ಸೋಸಿ ಕಾಯಿಸಿದ ಒಂದು ಲೋಟ ನೀರು.

ವ್ರತವನ್ನು ನಾನು ಬಿಟ್ಟಿಲ್ಲ. ಬಸದಿಯಲ್ಲಿ ದೇವರ ಸನ್ನಿಧಿಯಲ್ಲಿಯೇ ನಿಯಮವನ್ನು ಬದಲಿಸಿಕೊಂಡೆ. ಬೇಸಗೆಯಿಂದ ಮಳೆಗಾಲ ಹಿಡಿಯುವ ತನಕ ಚತುರ್ದಶಿಗೆ ಏಕಾಶನ, ಸೂರ್ಯಾಸ್ತದವರೆಗೆ ನೀರು. ಪೂರ್ಣ ಉಪವಾಸವು ತಂಪಿನ ತಿಂಗಳುಗಳಿಗೆ, ಅದೂ ವೈದ್ಯರಿಗೆ ತಿಳಿಸಿ. ರಾತ್ರಿ ನೀರು ಕುಡಿಯದವರಿಗೆ ಏಪ್ರಿಲಿನಲ್ಲಿ ಸುಮಾರು ಹನ್ನೊಂದೂವರೆ ಗಂಟೆಯ ಅಂತರವಿರುವುದರಿಂದ ವೈದ್ಯರು ಹೇಳಿದ ಅಳತೆಯ ನೀರನ್ನು ಬೆಳಗ್ಗೆಯೇ ತಂಬಿಗೆಯಲ್ಲಿ ತೆಗೆದಿಟ್ಟು ಹಗಲಿನಲ್ಲಿ ಮುಗಿಸುತ್ತೇನೆ. ಮಜ್ಜಿಗೆ, ಪುನರ್ಪುಳಿಯ ಪಾನಕ, ಕುಚ್ಚಲಕ್ಕಿ ಗಂಜಿಯ ತಿಳಿ, ಇವು ನಮ್ಮ ಹಿರಿಯರ ಬೇಸಗೆಯ ಆಹಾರಗಳೇ. ಆದರೆ ಮೂತ್ರಪಿಂಡದ ತೊಂದರೆಯಿರುವವರು ಬೊಂಡವನ್ನೂ, ರಕ್ತದೊತ್ತಡವಿರುವವರು ಉಪ್ಪನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಚೈತ್ರದ ಆ ಚತುರ್ದಶಿ ಕಳೆದು ಮೂರು ವಾರಗಳೊಳಗೆ ಅಕ್ಷಯ ತೃತೀಯ ಬಂದಿತು. ದೀರ್ಘಕಾಲ ನಿರಾಹಾರಿಯಾಗಿದ್ದ ಆದಿನಾಥ ಸ್ವಾಮಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಕಬ್ಬಿನ ರಸವನ್ನಿತ್ತ ದಿನ ಅದು. ತಪಸ್ಸಿನ ಆದಿಪುರುಷನ ಪಾರಣೆಯ ನೆನಪು ಇಂಥ ಬಿರುಬೇಸಗೆಯಲ್ಲಿಯೇ, ಒಂದು ಪಾನದೊಡನೆ ಬರುತ್ತದೆ. ಅಂದಿನ ಪುಣ್ಯವು ಕೊಟ್ಟವನದು. ಈ ಕಥೆಯ ಅರ್ಥವನ್ನು ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ಗಮನಿಸಬಹುದು. ಮೆರವಣಿಗೆಯನ್ನು ಬಿಸಿಲೇರುವ ಮುನ್ನ ಮುಗಿಸುವುದು, ಕಾದ ಅಂಗಳಕ್ಕೆ ಚಾಪೆ, ಚಪ್ಪರ, ಸೋಸಿದ ನೀರು ಇವೆಲ್ಲ ದೊಡ್ಡ ವೆಚ್ಚದ ಕೆಲಸಗಳಲ್ಲ. ಮಕ್ಕಳು ದೂರದಲ್ಲಿದ್ದು ಒಂಟಿಯಾಗಿ ವಾಸಿಸುವ ಹಿರಿಯರನ್ನು ಪರ್ವದ ದಿನ ಮಧ್ಯಾಹ್ನ ಯಾರಾದರೂ ಫೋನಿನಲ್ಲಿ ವಿಚಾರಿಸಿದರೆ ಅದೂ ಅಭಯದಾನವೇ.

ಈಗ ಸಂಜೆ ದೀಪ ಹಚ್ಚುವ ಮೊದಲು ಪತ್ನಿ ಕೇಳುತ್ತಾಳೆ: “ನೀರು ಕುಡಿದಿರಾ?” ಕುಡಿದೆ ಎನ್ನುತ್ತೇನೆ. ಅವಳು ಒಮ್ಮೆ ತಂಬಿಗೆಯನ್ನು ನೋಡಿ ಖಚಿತಪಡಿಸಿಕೊಳ್ಳುತ್ತಾಳೆ. ಅದಕ್ಕೆ ನಾನು ಬೇಸರಪಡುವುದಿಲ್ಲ.