ಹಳೇ ಕಾರಿನಲ್ಲಿ ಆಗುಂಬೆ ದಾರಿ

ಶಿವಮೊಗ್ಗದಿಂದ ಆಗುಂಬೆಯ ಮೇಲೆ ಉಡುಪಿಗೆ ಸುಮಾರು 150 ಕಿಲೋಮೀಟರ್. ಹೊಸ ಕಾರಿನವರು ಮೂರೂವರೆ ಗಂಟೆಯಲ್ಲಿ ಮುಟ್ಟುತ್ತಾರೆ. ನಮಗೆ ಆರು ಗಂಟೆ ಬೇಕು. ನಮ್ಮದು 1999ರ ಮಾರುತಿ 800. ನಾನು ಅದನ್ನು 2006ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ಈಗ ಎರಡು ಲಕ್ಷದ ಮೂವತ್ತು ಸಾವಿರ ಕಿಲೋಮೀಟರ್ ಓಡಿದೆ. ಅದು ದಣಿಯದಂತೆ ಅಲ್ಲಲ್ಲಿ ನಿಲ್ಲಿಸುತ್ತೇವೆ. ನಿಲ್ಲಿಸಿದ ಕಡೆಯೆಲ್ಲ ನೋಡುವಂಥದ್ದು ಏನಾದರೂ ಇದ್ದೇ ಇರುತ್ತದೆ.

ಮಕ್ಕಳೇ, ಮಾರುತಿ 800 ಅಂದರೆ ನಿಮ್ಮ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. 1983ರ ಡಿಸೆಂಬರಿನಲ್ಲಿ ಅದು ಮೊದಲು ರಸ್ತೆಗಿಳಿಯಿತು. 796 ಸಿ.ಸಿ.ಯ ಪುಟ್ಟ ಎಂಜಿನ್, ಮೂರೇ ಸಿಲಿಂಡರ್. 2014ರಲ್ಲಿ ತಯಾರಿಕೆ ನಿಂತಿತು. ಆದರೂ ಅದರ ರಿಪೇರಿ ಬಲ್ಲ ಮೆಕ್ಯಾನಿಕ್‌ಗಳು ಇನ್ನೂ ಊರೂರಲ್ಲಿ ಸಿಗುತ್ತಾರೆ. ಹಳೇ ಕಾರಿಗೆ ಅದೇ ದೊಡ್ಡ ಆಸ್ತಿ.

ಹೊರಡುವ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತುತ್ತೇನೆ. ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟ್, ಆಮೇಲೆ ಸ್ಟೆಪ್ನಿಯೂ ಸೇರಿ ಐದು ಟೈರು. ಮೊಮ್ಮಗಳು ನೋಟ್‌ಬುಕ್ ಹಿಡಿದು ನಿಲ್ಲುತ್ತಾಳೆ. ತಾರೀಖು, ಮೀಟರ್ ರೀಡಿಂಗ್, ಮಾಡಿಸಿದ ಕೆಲಸ, ಕೊಟ್ಟ ದುಡ್ಡು, ಎಲ್ಲ ಅದರಲ್ಲಿದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ, ಸುಮ್ಮನಿರುವುದಿಲ್ಲ.

ಮೊದಲ ನಿಲುಗಡೆ ಸಕ್ರೆಬೈಲು, ಬರೀ ಹದಿನಾಲ್ಕು ಕಿಲೋಮೀಟರ್. ಬೆಳಗಿನ ಹೊತ್ತು ಆನೆಗಳು ತುಂಗಾ ಹಿನ್ನೀರಿನಲ್ಲಿ ಒಂದು ಬದಿಗೆ ಒರಗಿ ಮಲಗಿರುತ್ತವೆ. ಮಾವುತರು ಮೈ ಉಜ್ಜುತ್ತಾರೆ. ಉಜ್ಜುವುದರ ಜೊತೆಗೆ ಕಾಲು, ಉಗುರು, ಕಿವಿಯ ಹಿಂದೆ, ಎಲ್ಲ ಕಡೆ ಕಣ್ಣಾಡಿಸುತ್ತಾರೆ. ಗಾಯವಿದ್ದರೆ ಆಗಲೇ ಗೊತ್ತಾಗಬೇಕು. ನಾನು ಮನೆಯಲ್ಲಿ ಕಾರನ್ನು ನನ್ನ ಕೈಯಾರೆ ತೊಳೆಯುವುದೂ ಅದಕ್ಕೇ. ಮಲೆನಾಡಿನ ಮಳೆಗೆ ತುಕ್ಕು ಬಾಗಿಲಿನ ಕೆಳಗಿನ ಅಂಚಿನಲ್ಲಿ ಕದ್ದು ಶುರುವಾಗುತ್ತದೆ.

ಮುಂದೆ ಮಂಡಗದ್ದೆ. ಅಲ್ಲಿ ಹೊಳೆಯ ನಡುಗಡ್ಡೆಗಳ ಮರಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಎಂಜಿನ್ ಆರಿಸಿದ ಕೂಡಲೇ ಸಂತೆಯಂಥ ಗಲಾಟೆ ಕೇಳಿಸುತ್ತದೆ. ತೀರ್ಥಹಳ್ಳಿಯಲ್ಲಿ ಬನ್ಸು, ಕಾಫಿ. ನಾವು ತಿನ್ನುವಷ್ಟು ಹೊತ್ತು ಕಾರಿಗೂ ವಿಶ್ರಾಂತಿ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್ ಬರುವ ಮುಂಚೆ ವೈಪರ್ ರಬ್ಬರ್ ಬದಲಿಸದೆ ನಾನು ಆ ಕಡೆ ತಲೆ ಹಾಕುವುದಿಲ್ಲ. ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆ ಇರುವುದು ಈ ಊರಲ್ಲೇ. ಊರು ದಾಟಿದರೆ ಘಾಟಿ: ಹದಿನಾಲ್ಕು ಹೇರ್‌ಪಿನ್ ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಕೆಳಗೆ ಸೋಮೇಶ್ವರದ ಕಾಡು.

ಇಲ್ಲಿ ನಾನು ಕಾರನ್ನು ಸೆಕೆಂಡ್ ಗೇರಿಗೆ ಇಳಿಸುತ್ತೇನೆ.

“ಬ್ರೇಕ್ ಇದೆಯಲ್ಲ ಅಜ್ಜ, ಗೇರ್ ಯಾಕೆ?” ಎಂದಳು ಮೊಮ್ಮಗಳು.

“ಎರಡೂ ಅಂಗೈ ಗಟ್ಟಿಯಾಗಿ ಉಜ್ಜು ನೋಡೋಣ” ಎಂದೆ.

ಉಜ್ಜಿದಳು. “ಅಯ್ಯೋ, ಬಿಸಿ!”

ಬ್ರೇಕಿನ ಕಥೆಯೂ ಅಷ್ಟೇ. ಉದ್ದಕ್ಕೂ ಒತ್ತಿ ಹಿಡಿದರೆ ಕಾಯುತ್ತದೆ, ಕಾದರೆ ಹಿಡಿತ ತಪ್ಪುತ್ತದೆ. ಬ್ರೇಕ್ ಆಯಿಲ್ ವರ್ಷಗಳು ಕಳೆದಂತೆ ಗಾಳಿಯ ತೇವ ಹೀರುತ್ತದೆ. ಅಂಥ ಆಯಿಲ್ ಕಾವಿಗೆ ಬೇಗ ಕುದಿದು ಗುಳ್ಳೆ ಕಟ್ಟುತ್ತದೆ. ಆಗ ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಹಳೇ ಆಯಿಲ್ ತೆಗೆಸಿ ಹೊಸದು ಹಾಕಿಸುತ್ತೇನೆ. ಬಣ್ಣ, ಸೀಟು, ರೇಡಿಯೋ ಇವಕ್ಕೆ ಜಿಪುಣತನ ಮಾಡಬಹುದು. ಬ್ರೇಕು, ಟೈರು, ಸ್ಟಿಯರಿಂಗ್, ದೀಪ, ಈ ನಾಲ್ಕರಲ್ಲಿ ಕೂಡದು. ಅದು ನನ್ನೊಬ್ಬನ ಪ್ರಾಣದ ಪ್ರಶ್ನೆಯಲ್ಲ. ಹಿಂದಿನ ಸೀಟಿನಲ್ಲಿ ಮೊಮ್ಮಗಳಿದ್ದಾಳೆ, ಎದುರಿಂದ ಹತ್ತಿ ಬರುವ ಬೈಕಿನಲ್ಲೂ ಯಾರೋ ತಂದೆ, ಮಗು ಇರುತ್ತಾರೆ. ಹತ್ತುವವರಿಗೆ ದಾರಿ ಬಿಡುವುದು ಇಳಿಯುವವರ ಕರ್ತವ್ಯ. ಸೋಮೇಶ್ವರ ಮುಟ್ಟಿದ ಮೇಲೆ ಹತ್ತು ನಿಮಿಷ ನಿಂತು, ಸುಟ್ಟ ವಾಸನೆ ಬರುತ್ತಿದೆಯೇ ಎಂದು ಮೂಸಿ ನೋಡಿಯೇ ಹೆಬ್ರಿ ಕಡೆಗೆ ಹೊರಡುವುದು.

ಮರಳುವಾಗ ಕಷ್ಟ ಬೇರೆ: ಹತ್ತುವ ಎಂಜಿನ್ ಬಿಸಿಯಾಗುತ್ತದೆ. ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೇ ಇರಬೇಕು. ಮುಳ್ಳು ಏರಿದರೆ ಜಾಗ ನೋಡಿ ನಿಲ್ಲಿಸಿ ಕಾಯಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ತೆಗೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

“ಅಪ್ಪ, ಇದನ್ನು ಗುಜರಿಗೆ ಕೊಡಿ” ಎಂದು ಮಗ ಹೇಳುತ್ತಾನೆ. ಬಿ.ಕಾಂ.ನಲ್ಲಿ ಕಲಿತ ಸವಕಳಿ ಲೆಕ್ಕವೂ ಅವನ ಪರವೇ. ವರ್ಷಕ್ಕೆ ಶೇಕಡಾ 15ರಂತೆ ಕಳೆಯುತ್ತ ಬಂದರೆ ಒಂದು ಲಕ್ಷ ರೂಪಾಯಿಯ ವಸ್ತು ಇಪ್ಪತ್ತು ವರ್ಷದಲ್ಲಿ ಸುಮಾರು 3,900 ರೂಪಾಯಿಗೆ ಇಳಿಯುತ್ತದೆ. ಮಕ್ಕಳೇ, ಬೇಕಿದ್ದರೆ ಲೆಕ್ಕ ಮಾಡಿ ನೋಡಿ. ಎಷ್ಟು ವರ್ಷ ಕಳೆದರೂ ಅದು ಸೊನ್ನೆಯಾಗುವುದಿಲ್ಲ ಎಂಬುದು ನನ್ನ ವಾದ.

ಆದರೆ ವಾದದಿಂದ ಬ್ರೇಕ್ ಹಿಡಿಯುವುದಿಲ್ಲವಲ್ಲ! ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಅವಧಿ. ಆಮೇಲೆ ಪರೀಕ್ಷೆ ಪಾಸಾದರೆ ಐದೈದು ವರ್ಷ. ನಮ್ಮ ಕಾರು 2014, 2019, 2024ರಲ್ಲಿ ಪಾಸಾಗಿದೆ. ಮುಂದಿನದು 2029. ಈ ವಯಸ್ಸಿನಲ್ಲಿ ನನ್ನ ಲೈಸೆನ್ಸಿಗೂ ಐದೇ ವರ್ಷ, ಅದಕ್ಕೆ ವೈದ್ಯರ ಸರ್ಟಿಫಿಕೇಟೂ ಬೇಕು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಮೊಮ್ಮಗಳು ಈಗ ಎರಡು ಕಾಲಂ ಹಾಕಿದ್ದಾಳೆ: ‘ಕಾರು’, ‘ಅಜ್ಜ’. ಒಂದರಲ್ಲಿ ಹೆಡ್‌ಲೈಟ್, ಇನ್ನೊಂದರಲ್ಲಿ ಕಣ್ಣಿನ ಪರೀಕ್ಷೆ. ಎರಡರಲ್ಲಿ ಯಾವುದು ತಪ್ಪಿದರೂ ಘಾಟಿಗೆ ಇಳಿಸಬಾರದು ಎಂದು ಮನೆಯಲ್ಲಿ ಮಾತಾಗಿದೆ. ನಾನೂ ಸಹಿ ಹಾಕಿದ್ದೇನೆ.

ಆ ದಿನ ಬಂದರೆ ಬರಲಿ. ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸು ಓಡಾಡುತ್ತವೆ. ಕಿಟಕಿ ಪಕ್ಕದ ಎರಡು ಸೀಟು ಸಿಕ್ಕಿದರೆ ಸಾಕು.