ಮಾಸ್ತರರ ವಿದ್ಯುತ್ ಸೈಕಲ್ಲು

ಸೈಕಲ್ಲು ಮಾಸ್ತರಿಕೆಯ ಒಂದು ಅಂಗವೇ ಆಗಿದ್ದ ಕಾಲ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತೀರ ಹಿಂದಿನದೇನೂ ಅಲ್ಲ. ಧೋತರದ ಅಂಚನ್ನು ಬಿಗಿದು, ಕ್ಯಾರಿಯರಿಗೆ ಬುತ್ತಿಯ ಗಂಟನ್ನೂ ಉತ್ತರಪತ್ರಿಕೆಗಳ ಕಟ್ಟನ್ನೂ ಕಟ್ಟಿಕೊಂಡು ಎರೆಹೊಲಗಳ ನಡುವಿನ ದಾರಿಯಲ್ಲಿ ಬರುತ್ತಿರುವಾತ ಮಾಸ್ತರನಲ್ಲದೆ ಬೇರಾರೂ ಆಗಿರಲಾರನೆಂದು ಜನ ಹರದಾರಿ ದೂರದಿಂದಲೇ ಗುರುತಿಸುತ್ತಿದ್ದರು. ಬಳಿಕ ಮೋಟರ್ ಸೈಕಲ್ಲುಗಳು ಬಂದವು. ಅವುಗಳ ಹಿಂದೆಯೇ ಸಾಲದ ಕಂತುಗಳೂ ಬಂದವು. ಸರಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲಂತೂ ಅದು ಮಕ್ಕಳ ವಾಹನವೆಂದೇ ಲೋಕರೂಢಿಯಾಯಿತು. ಮಾಸ್ತರರು ಸೈಕಲ್ಲಿನಿಂದ ಇಳಿದರು, ಮಕ್ಕಳು ಹತ್ತಿದರು. ಇದು ನ್ಯಾಯವಾದದ್ದೇ.

ಆದರೆ ಇಳಿಯದೆ ಉಳಿದವರೂ ಉಂಟು. ಈ ಶಾಲೆಯಲ್ಲಿ 1985ರಿಂದ 2019ರವರೆಗೆ ವಿಜ್ಞಾನ-ಗಣಿತಗಳನ್ನು ಬೋಧಿಸಿದ ಹಿರಿಯ ಮಾಸ್ತರರೊಬ್ಬರು ಅಂಥವರು. ಹೆಸರು ಹೇಳಿದರೆ ಅವರಿಗೆ ಸಂಕೋಚ. ಹೇಳದಿದ್ದರೂ ಹಳೆಯ ವಿದ್ಯಾರ್ಥಿಗಳಿಗೆ ತಿಳಿಯದೆ ಇರದು. ತರಗತಿಯ ಮಗು ಸತತ ಮೂರು ದಿನ ಗೈರುಹಾಜರಾದರೆ ನಾಲ್ಕನೆಯ ದಿನ ಸಂಜೆ ಮಾಸ್ತರರ ಸೈಕಲ್ಲು ಆ ಮಗುವಿನ ಮನೆಯ ಕಟ್ಟೆಗೆ ಒರಗಿರುತ್ತಿತ್ತು. ಇದಕ್ಕೆ ಯಾವ ಆದೇಶವೂ ಇರಲಿಲ್ಲ, ಭತ್ಯೆಯೂ ಇರಲಿಲ್ಲ. ನಿವೃತ್ತರಾದ ಮೇಲೂ ಶಾಲೆಯ ಹಾಜರಿಪಟ್ಟಿಯನ್ನು ವಾರಕ್ಕೊಮ್ಮೆ ತಿರುವಿಹಾಕುವ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. ಕಿರಿಯ ಅಧ್ಯಾಪಕರು ಅದನ್ನು ಕಸಿದುಕೊಳ್ಳಲೂ ಇಲ್ಲ.

2023ರಲ್ಲಿ ಮೊಣಕಾಲು ಮುನಿಯಿತು. ಸವೆದ ಕೀಲಿನ ಮೇಲೆ ಭಾರ ಹಾಕಿ ತುಳಿಯಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಹಳೆಯ ಹರ್ಕ್ಯುಲಿಸ್ ಪಡಸಾಲೆಯ ಗೋಡೆಗೆ ಒರಗಿ, ಅದರ ಹ್ಯಾಂಡಲ್ಲು ಚೀಲ ತೂಗುಹಾಕುವ ಗೂಟವಾಯಿತು. ಶಾಲೆಯಿಂದ ಪಾಲಕರಿಗೆ ಫೋನು ಹೋಗುತ್ತಿತ್ತು, ಪತ್ರ ಹೋಗುತ್ತಿತ್ತು. ಆದರೆ ಗೋವೆಗೋ ಮಂಗಳೂರಿಗೋ ದುಡಿಯಲು ಹೋದ ತಂದೆಯ ನಂಬರು ಪ್ರತಿ ಊರಿಗೆ ಒಂದರಂತೆ ಬದಲಾಗುತ್ತದೆ. ಪತ್ರವನ್ನು ಓದಬಲ್ಲವಳು ಯಾವ ಮಗುವಿನ ಸಲುವಾಗಿ ಪತ್ರ ಬಂದಿದೆಯೋ ಆ ಮಗುವೇ ಆಗಿರುತ್ತದೆ. ಎರಡು ವರ್ಷಗಳಲ್ಲಿ ಹಳ್ಳದಾಚೆಯ ಒಂದೇ ಊರಿನ ಐದು ಮಕ್ಕಳು ಎಂಟು-ಒಂಬತ್ತನೆಯ ತರಗತಿಗಳ ನಡುವೆ ಶಾಲೆ ಬಿಟ್ಟರು. ಮಾಸ್ತರರ ಜೇಬಿನ ಚಿಕ್ಕ ವಹಿಯಲ್ಲಿ ಆ ಐದು ಹೆಸರುಗಳಿವೆ.

ಈ ಸಂಗತಿ 1996ರ ತಂಡದ ಹಳೆಯ ವಿದ್ಯಾರ್ಥಿಗಳ ಕಿವಿಗೆ ಬಿದ್ದಿತು. ಅವರು ಗುರುವಂದನೆಗೆಂದು ಶಾಲು ಮತ್ತು ಫಲಕದ ಯೋಚನೆಯಲ್ಲಿದ್ದರು. ಫಲಕಗಳನ್ನು ತೂಗುಹಾಕಲು ಮಾಸ್ತರರ ಮನೆಯ ಗೋಡೆಯಲ್ಲಿ ಮೊಳೆಗೆ ಜಾಗ ಉಳಿದಿಲ್ಲವೆಂಬುದನ್ನು ಬಲ್ಲ ಒಬ್ಬನು, ಅದೇ ಹಣಕ್ಕೆ ಇನ್ನಷ್ಟು ಕೂಡಿಸಿ ಒಂದು ವಿದ್ಯುತ್ ಸೈಕಲ್ಲನ್ನು ಕೊಡೋಣವೆಂದನಂತೆ. ಹಾಗೆ ಅದು 2025ರ ಜೂನ್ ತಿಂಗಳಲ್ಲಿ ರಟ್ಟಿನ ದೊಡ್ಡ ಪೆಟ್ಟಿಗೆಯಲ್ಲಿ ಶಾಲೆಯ ಅಂಗಳಕ್ಕೆ ಬಂದಿಳಿಯಿತು. ಬೆಲೆಯನ್ನು ಮಾತ್ರ ಯಾರೂ ಬಾಯಿಬಿಡಲಿಲ್ಲ.

ನೋಟಕ್ಕೆ ಅದು ಸೈಕಲ್ಲೇ. ಹಿಂಗಾಲಿಯ ಗುಂಬ ಮಾತ್ರ ತುಸು ದಪ್ಪ. ಮೋಟರು ಅದರೊಳಗೆ ಅಡಗಿದೆ. ಚೌಕಟ್ಟಿಗೆ ಅಂಟಿಕೊಂಡಂತೆ ಬ್ಯಾಟರಿ, ಅದಕ್ಕೊಂದು ಕೀಲಿಕೈ. ಹ್ಯಾಂಡಲ್ಲಿನ ಎಡಗಡೆ ಬೆಂಕಿಪೆಟ್ಟಿಗೆಯಷ್ಟು ಅಗಲದ ಪರದೆ. ಅದರಲ್ಲಿ ವೇಗ, ಬ್ಯಾಟರಿಯ ಐದು ಗೆರೆಗಳು, ಸಹಾಯದ ಮಟ್ಟ ಒಂದರಿಂದ ಐದು. ಮೋಟರಿನ ಬಲ 250 ವ್ಯಾಟಿನ ಒಳಗೆ, ವೇಗದ ಮಿತಿ ಗಂಟೆಗೆ 25 ಕಿಲೊಮೀಟರಿನ ಒಳಗೆ. ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಮೋಟರು ವಾಹನವಲ್ಲ, ಲೈಸೆನ್ಸೂ ಬೇಡ, ನಂಬರು ಫಲಕವೂ ಬೇಡ. ಇದನ್ನು ಕೇಳಿ ಮಾಸ್ತರರಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಕಚೇರಿಗಳ ಮೆಟ್ಟಿಲು ಹತ್ತುವುದು ಮೊಣಕಾಲಿಗೆ ಸೈಕಲ್ಲಿಗಿಂತ ಕಠಿಣ.

“ಸರ್ರ, ಇದಕ್ಕ ಪೆಟ್ರೋಲ್ ಎಲ್ಲಿ ಹಾಕೋದ್ರಿ?” ಎಂದು ಐದನೆಯ ತರಗತಿಯ ಹುಡುಗನೊಬ್ಬ ಕೇಳಿದ. ಉಳಿದವರು ನಕ್ಕರು. ಮಾಸ್ತರರು ನಗಲಿಲ್ಲ, ಪ್ರಶ್ನೆ ಕೇಳಿದವನನ್ನು ನೋಡಿ ನಗುವವರನ್ನು ಅವರು ಎಂದೂ ಸಹಿಸಿದವರಲ್ಲ.

ಮೊದಲ ಸವಾರಿ ಮೈದಾನದಲ್ಲಿ ನಡೆಯಿತು. ನಲವತ್ತು ವರ್ಷಗಳ ಅಭ್ಯಾಸದಂತೆ ಅವರು ಸೀಟನ್ನೇರಿ ಮೊದಲ ತುಳಿತವನ್ನು ಬಲವಾಗಿಯೇ ಹಾಕಿದರು. ಅರ್ಧ ಸುತ್ತು ಏನೂ ಆಗಲಿಲ್ಲ; ಭಾರವಾದ ಸೈಕಲ್ಲು, ಅಷ್ಟೆ. ಮರುಗಳಿಗೆಯಲ್ಲಿ ಹಿಂದಿನಿಂದ ಯಾರೋ ಸೀಟಿಗೆ ಕೈಕೊಟ್ಟು ನೂಕಿದಂತಾಗಿ ಅದು ಬೇವಿನ ಮರದತ್ತ ಜಿಗಿಯಿತು. ಮಕ್ಕಳು ಹೋ ಎಂದರು. ಮಾಸ್ತರರು ಬ್ರೇಕು ಹಿಡಿದರು. ಹಿಡಿದೊಡನೆ ಮೋಟರು ತಾನೇ ಕಡಿದುಕೊಂಡಿತು. ಸೈಕಲ್ಲು ಕಲಿಯುವಾಗ ಹಿಂದೆ ಅಣ್ಣನೋ ಕಾಕನೋ ಸೀಟು ಹಿಡಿದು ಓಡಿಬರುತ್ತಿದ್ದುದನ್ನು ಎಲ್ಲರೂ ಬಲ್ಲರು. ಅರವತ್ತಾರರ ವಯಸ್ಸಿನಲ್ಲಿ ಆ ಕೈ ಮತ್ತೆ ಬೆನ್ನ ಹಿಂದೆ ಬಂದು ನಿಂತರೆ ಮನುಷ್ಯ ಹೆದರುವುದೂ ಸಹಜ, ಹಿಗ್ಗುವುದೂ ಸಹಜ. ನಾಲ್ಕು ಸುತ್ತುಗಳಲ್ಲಿ ಅವರಿಗೆ ಗುಟ್ಟು ತಿಳಿಯಿತು: ಈ ಯಂತ್ರಕ್ಕೆ ಬಲ ಬೇಕಿಲ್ಲ, ಕಾಲು ತಿರುಗುತ್ತಿರಬೇಕು. ತಿರುಗುವುದು ನಿಂತರೆ ಸಹಾಯವೂ ನಿಲ್ಲುತ್ತದೆ.

ಮೈದಾನದ ಸವಾರಿ ಮಕ್ಕಳಾಟ. ನಿಜವಾದ ಪರೀಕ್ಷೆ ಆಷಾಢದ ಗಾಳಿಯದು. ಹಳ್ಳದಾಚೆಯ ಊರು ಶಾಲೆಗೆ ಪಡುವಣದಲ್ಲಿ ಏಳು ಕಿಲೊಮೀಟರು. ಆಷಾಢದಲ್ಲಿ ಗದಗ ಸೀಮೆಯ ಬಯಲಿನ ಮೇಲೆ ಪಡುವಣ ಗಾಳಿ ಬೀಸುವ ಪರಿಯನ್ನು ಕಾಣದವರಿಗೆ ವಿವರಿಸುವುದು ಕಷ್ಟ. ತಡೆಯಲು ಗಿಡವಿಲ್ಲ, ಗುಡ್ಡವಿಲ್ಲ. ತಲೆಯ ಮೇಲಿನ ಟೊಪ್ಪಿಗೆ ತನ್ನ ಒಡೆಯನಿಗಿಂತ ಮೊದಲೇ ಊರು ಸೇರುತ್ತದೆ. ಈ ಗಾಳಿಯನ್ನು ಮಾಸ್ತರರು ಎಷ್ಟೋ ಬಾರಿ ಕರಿಹಲಗೆಯ ಮೇಲೆ ಲೆಕ್ಕಕ್ಕೆ ತಂದಿದ್ದಾರೆ. ಗಂಟೆಗೆ 15 ಕಿಲೊಮೀಟರಿನಂತೆ ಸಾಗುವ ಸವಾರನಿಗೆ ಗಾಳಿಯಿಲ್ಲದ ದಿನ ಸಮತಟ್ಟಿನಲ್ಲಿ ಸುಮಾರು 60 ವ್ಯಾಟ್ ಸಾಮರ್ಥ್ಯ ಸಾಕು. ಎದುರಿನಿಂದ 20 ಕಿಲೊಮೀಟರು ವೇಗದ ಗಾಳಿ ಬೀಸಿದರೆ ಅದೇ ವೇಗಕ್ಕೆ ಸುಮಾರು 170 ವ್ಯಾಟ್ ಬೇಕು. ಸಾಧಾರಣ ಮನುಷ್ಯನು ದೀರ್ಘಕಾಲ ಕೊಡಬಲ್ಲದ್ದು 75ರಿಂದ 100. ಉಳಿದದ್ದಕ್ಕೆ ಅವನು ಸೈಕಲ್ಲಿನಿಂದ ಇಳಿದು ನಡೆಯಬೇಕು. ಮೊಣಕಾಲು ಸವೆದದ್ದು ಈ ಅಂತರದಲ್ಲೇ.

ಜುಲೈ ತಿಂಗಳ ಮೊದಲ ವಾರ ಅವರು ಪಡುವಣಕ್ಕೆ ಹೊರಟರು. ಸಹಾಯದ ಮಟ್ಟ ಮೂರು. ಗಾಳಿ ಎದೆಗೆ ಬಡಿಯುತ್ತಲೇ ಇತ್ತು, ಕಿವಿಯಲ್ಲಿ ಮೊರೆಯುತ್ತಲೇ ಇತ್ತು. ಆದರೆ ಕಾಲಿಗೆ ಅದು ತಲುಪಲಿಲ್ಲ. ಪರದೆಯ ಮೇಲೆ 15, 16, ಮತ್ತೆ 15. ಹಳ್ಳ ದಾಟಿದ ಮೇಲಿನ ಏರಿನಲ್ಲಿ, ಯಾವ ಕಲ್ಲಿನ ಬಳಿ ಮೂವತ್ತು ವರ್ಷ ಇಳಿದು ನೂಕಿದ್ದರೋ ಆ ಕಲ್ಲು ಕುಳಿತಿದ್ದಂತೆಯೇ ಹಿಂದೆ ಸರಿಯಿತು. ಕಾಲು ಮಾತ್ರ ತಿರುಗುತ್ತಿತ್ತು. ಶಬ್ದವಿಲ್ಲ. ಇದೊಂದು ಗುಣವೂ ಹೌದು, ದೋಷವೂ ಹೌದು: ಮೇವಿನ ಹೊರೆ ಹೊತ್ತು ನಡೆಯುತ್ತಿದ್ದ ಹೆಂಗಸರು ಬೆನ್ನ ಹಿಂದೆ ಗಂಟೆ ಬಾರಿಸುವವರೆಗೆ ದಾರಿ ಬಿಡಲಿಲ್ಲ, ಬಾರಿಸಿದ ಮೇಲೆ ಬೆಚ್ಚಿಬಿದ್ದರು.

ಏರು ಮೂವತ್ತು ಮೀಟರು ಎತ್ತರ. ಮಾಸ್ತರ, ಸೈಕಲ್ಲು, ಚೀಲ ಸೇರಿ 90 ಕಿಲೊಗ್ರಾಂ. ಅಷ್ಟನ್ನು ಮೇಲೆತ್ತಲು 26,460 ಜೂಲ್. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 360 ವ್ಯಾಟ್-ಗಂಟೆ, ಎಂದರೆ ಹನ್ನೆರಡು ಲಕ್ಷ ತೊಂಬತ್ತಾರು ಸಾವಿರ ಜೂಲ್. ಏರಿಗೆ ಅದರ ನೂರರಲ್ಲಿ ಎರಡು ಪಾಲು. ನಷ್ಟ ಸೇರಿಸಿದರೆ ಮೂರು. ಈ ಲೆಕ್ಕವನ್ನು ಅವರು ಮರುದಿನ ಹತ್ತನೆಯ ತರಗತಿಗೆ ಹೋಗಿ ಮಾಡಿಯೂ ಬಿಟ್ಟರು. ಆದರೆ ಮಕ್ಕಳನ್ನು ಬೆರಗುಗೊಳಿಸಿದ ಲೆಕ್ಕ ಬೇರೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕಿಲೊ ಕ್ಯಾಲರಿ ಇದೆ. ಪೂರ್ತಿ ತುಂಬಿದ ಬ್ಯಾಟರಿಯಲ್ಲಿರುವುದು 310. ಎರಡು ರೊಟ್ಟಿಗೂ ಕಡಿಮೆ! ಸ್ನಾಯುವು ತಾನು ಉಂಡದ್ದರ ನಾಲ್ಕರಲ್ಲಿ ಒಂದು ಪಾಲನ್ನಷ್ಟೇ ಕೆಲಸವಾಗಿಸಿ ಉಳಿದದ್ದನ್ನು ಬಿಸಿಯಾಗಿ ಬಿಡುತ್ತದೆ, ಮೋಟರು ಐದರಲ್ಲಿ ನಾಲ್ಕು ಪಾಲನ್ನು ದುಡಿಸುತ್ತದೆ. ಯಂತ್ರದ ಹೆಚ್ಚುಗಾರಿಕೆ ಇಷ್ಟೇ. ಅವ್ವ ಬಡಿದ ರೊಟ್ಟಿಯ ಬೆಲೆ ಆ ದಿನ ತರಗತಿಯಲ್ಲಿ ಏರಿತೆಂದು ಕೇಳಿಕೆ.

ಹೊಸತೆಂದು ಬೀಗಲೂ ಕಾರಣವಿಲ್ಲ. ಗಾಲಿಯ ಗುಂಬದಲ್ಲೇ ಮೋಟರನ್ನಿರಿಸಿದ ಸೈಕಲ್ಲಿಗೆ ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ 1895ರ ಡಿಸೆಂಬರ್ 31ರಂದೇ ಪೇಟೆಂಟು ಪಡೆದಿದ್ದ. ಕೊರತೆಯಿದ್ದುದು ಬ್ಯಾಟರಿಯದು, ಸೀಸದ ಭಾರವನ್ನು ಹೊತ್ತ ಸೈಕಲ್ಲು ತನ್ನನ್ನು ತಾನೇ ಹೊರುವುದರಲ್ಲಿ ದಣಿಯುತ್ತಿತ್ತು. ತುಳಿದಷ್ಟಕ್ಕೆ ಜೊತೆಗೂಡುವ ಸೈಕಲ್ಲನ್ನು ಜಪಾನಿನ ಯಮಹಾ ಸಂಸ್ಥೆ 1993ರಲ್ಲಿ ಮಾರಾಟಕ್ಕೆ ತಂದಿತು. ಹಗುರವಾದ ಲಿಥಿಯಂ ಬ್ಯಾಟರಿ ಅದಕ್ಕೂ ಎರಡು ವರ್ಷ ಮೊದಲು ಪೇಟೆಗೆ ಬಂದಿತ್ತು; ಅದರ ಮೂಲಪುರುಷರಾದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ ನೊಬೆಲ್ ಬಹುಮಾನ ಸಿಕ್ಕಿದ್ದು 2019ರಲ್ಲಿ.

ಇಷ್ಟಾದರೂ ಮಾಸ್ತರರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಶರಣರ ಮಾರ್ಗದಲ್ಲಿ ಕಾಯಕವೆಂದರೆ ಮೈಬಗ್ಗಿಸಿದ ದುಡಿಮೆ. ದಾನಿಗಳು ಕೊಟ್ಟ ಯಂತ್ರದ ಮೇಲೆ ಕುಳಿತು, ಬೆವರದೆ, ಮಗುವೊಂದರ ಮನೆಗೆ ಹೋಗಿಬಂದರೆ ಅದನ್ನು ಏನೆಂದು ಕರೆಯಬೇಕು? ಒಂದು ಸಂಜೆ ಮಠದ ಪಡಸಾಲೆಯಲ್ಲಿ ಅದನ್ನು ಅಪ್ಪಗಳ ಮುಂದಿಟ್ಟರು.

“ತುಳೀದೆ ಸುಮ್ಮನ ಕುಂತ್ರ ಹೋಗತದೇನು ಮಾಸ್ತರ?”

“ಇಲ್ರೀ ಅಪ್ಪಾ. ತುಳದರನ ಹೋಗತದ.”

“ಮತ್ತ? ಹೋಗಿ ಬರ್ರಿ.”

ಅಷ್ಟಕ್ಕೇ ಮಾತು ಮುಗಿಯಿತು. ಪ್ರಸಾದದ ಗಂಟೆಯೂ ಆಗಿತ್ತು.

ಹಳ್ಳದಾಚೆಯ ಊರಿನಲ್ಲಿ ಆ ಜುಲೈ ಸಂಜೆ ಅವರು ಹುಡುಕಿ ಹೋದದ್ದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು. ಎಂಟು ದಿನದಿಂದ ಬಂದಿರಲಿಲ್ಲ. ಬಾಗಿಲಲ್ಲಿ ಅವಳು ಮೂರು ವರ್ಷದ ತಮ್ಮನನ್ನು ಟೊಂಕದ ಮೇಲೆ ಹೊತ್ತು ನಿಂತಿದ್ದಳು. ತಾಯಿ ಹೊಲದಿಂದ ಬರುವವರೆಗೆ ಮಾಸ್ತರರು ಕಟ್ಟೆಯ ಮೇಲೆ ಕುಳಿತರು. ಹಿಂದಾಗಿದ್ದರೆ ಕತ್ತಲೆಗೂ ದಣಿವಿಗೂ ಅಂಜಿ ಅರ್ಧ ಗಂಟೆಯಲ್ಲಿ ಎದ್ದುಬಿಡಬೇಕಾಗುತ್ತಿತ್ತು. ಈ ಸಲ ಕಾದರು.

“ಸಣ್ಣಾಂವನ್ನ ಯಾರ ನೋಡಬೇಕ್ರೀ ಸರ? ಹೆಸರಿನಾಗ ಕಸ ಭಾಳ ಬಿದ್ದೈತಿ. ಆಕಿ ಅಪ್ಪ ನೋಡಿದ್ರ ಗೋವಾದಾಗ,” ಎಂದಳು ತಾಯಿ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಉಪದೇಶದಿಂದ ಹೊಲದ ಕಸ ಹೋಗುವುದಿಲ್ಲವೆಂಬುದು ಮಾಸ್ತರರಿಗೂ ಗೊತ್ತು. ಅವರು ಎದ್ದು ಅದೇ ಓಣಿಯಲ್ಲಿದ್ದ ಅಂಗನವಾಡಿಯ ಕಾರ್ಯಕರ್ತೆಯ ಮನೆಗೆ ಹೋಗಿ, ಮೂರು ತುಂಬಿದ ಆ ಕೂಸನ್ನು ಹಗಲು ಅಲ್ಲಿ ಬಿಡುವ ಮಾತು ಆಡಿ, ತಿರುಗಿ ಬಂದು ತಾಯಿಗೆ ಹೇಳಿದರು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಸೋಮವಾರ ಕಳಸ್ತೀನ್ರಿ” ಎಂದಳು.

ಹೋಗುವಾಗ ಪರದೆಯ ಐದು ಗೆರೆಗಳಲ್ಲಿ ಒಂದು ಆರಿತ್ತು. ಬರುವಾಗ ಗಾಳಿ ಬೆನ್ನಿಗಿತ್ತು, ಒಂದೂ ಆರಲಿಲ್ಲ. ದೂರದ ಕಪ್ಪತಗುಡ್ಡದ ದಿಕ್ಕಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಹೊತ್ತಿದ್ದವು. ಮನೆಗೆ ಬಂದು ಚಾರ್ಜರನ್ನು ಗೋಡೆಗೆ ಸಿಕ್ಕಿಸುವಾಗ ಮಾಸ್ತರರು ಒಂದು ಗಳಿಗೆ ನಿಂತರು. ತಂತಿಯಲ್ಲಿ ಬರುವ ವಿದ್ಯುತ್ತು ಶರಾವತಿಯದೋ, ರಾಯಚೂರಿನ ಕಲ್ಲಿದ್ದಲಿನದೋ, ಪಾವಗಡದ ಬಿಸಿಲಿನದೋ, ಗೋಡೆಯ ತೂತು ಹೇಳುವುದಿಲ್ಲ. ಆದರೆ ಆಷಾಢದ ರಾತ್ರಿ ಬಿಸಿಲಿಲ್ಲ, ಗಾಳಿ ಉಂಟು. ಮೂವತ್ತು ವರ್ಷ ತಮ್ಮನ್ನು ದಾರಿಯಲ್ಲಿ ಹಿಡಿದು ನಿಲ್ಲಿಸಿದ ಆ ಪಡುವಣ ಗಾಳಿಯದೇ ಒಂದು ಪಾಲು ಈ ಬ್ಯಾಟರಿಯೊಳಗೆ ಇಳಿಯುತ್ತಿರಬಹುದೆಂಬ ಯೋಚನೆ ಅವರಿಗೆ ನಗೆ ತರಿಸಿತು. ಪೂರ್ತಿ ತುಂಬಿದರೂ ಅರ್ಧ ಯುನಿಟ್ಟು ಮುಟ್ಟದು.

ಹುಡುಗಿ ಸೋಮವಾರ ಬಂದಳು. ಮಂಗಳವಾರ, ಬುಧವಾರ ಬಂದಳು. ಗುರುವಾರ ಬರಲಿಲ್ಲ. ಈ ಸಲ ಮಾಸ್ತರರು ಮೂರು ದಿನ ಕಾಯಲಿಲ್ಲ. ಶುಕ್ರವಾರ ಸಂಜೆ ಐದಕ್ಕೆ ಸೈಕಲ್ಲು ಹಳ್ಳ ದಾಟಿತ್ತು.