ಗುಂಡನ ಕುಪ್ಪಳಿಕೆ

ಗುಂಡ ಓಡುವಾಗ ನಡುವೆ ಎಡ ಹಿಂಗಾಲನ್ನು ಮೇಲೆತ್ತಿಕೊಂಡು, ಎರಡು ಹೆಜ್ಜೆ ಮೂರೇ ಕಾಲಲ್ಲಿ ಕುಪ್ಪಳಿಸಿ, ಆಮೇಲೆ ಏನೂ ಆಗೇ ಇಲ್ಲ ಅನ್ನುವಂತೆ ಮತ್ತೆ ನಾಲ್ಕು ಕಾಲಲ್ಲಿ ಓಡುತ್ತಿದ್ದ. ನನ್ನ ಪ್ರಕಾರ ಅದು ಅವನ ಸ್ಟೈಲು. ವಿಡಿಯೋ ಮಾಡಿ ಆಫೀಸಿನವರಿಗೆಲ್ಲ ತೋರಿಸಿದ್ದೆ. ಊರಿಂದ ಬಂದಿದ್ದ ಅಮ್ಮ ಮಾತ್ರ, "ಇದ್ಯಾಕೋ ಕುಂಟ್ತಾ ಇದೆಯಲ್ಲೋ" ಅಂದಿದ್ದಳು. "ನಿಂಗೊತ್ತಾಗಲ್ಲ ಬಿಡಮ್ಮ, ಈ ಜಾತಿ ನಾಯಿಗಳು ಓಡೋದೇ ಹಾಗೆ" ಅಂತ ಅವಳ ಬಾಯಿ ಮುಚ್ಚಿಸಿದ್ದೆ.

ಗುಂಡ ಜ್ಯಾಕ್ ರಸೆಲ್ ಟೆರಿಯರ್. ಇಂಗ್ಲೆಂಡಿನ ಡೆವನ್ ಸೀಮೆಯ ಜಾನ್ ರಸೆಲ್ ಎಂಬ ಬೇಟೆ ಹುಚ್ಚಿನ ಪಾದ್ರಿಯ ಹೆಸರು ಹೊತ್ತ ತಳಿ. ನರಿಯ ಬಿಲಕ್ಕೆ ನುಗ್ಗಿ ಅದನ್ನು ಹೊರಗಟ್ಟುವುದು ಇವುಗಳ ಕಸುಬು. ಗುಂಡನಿಗೆ ಸಿಕ್ಕಿದ್ದು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟು, ಸೋಫಾ ಕೆಳಗಿನ ಸಂದಿ. ಆದರೂ ಪೇಪರ್ ಇತ್ತಲ್ಲ, ಡಾಗ್ ಶೋಗೆ ಕರ್ಕೊಂಡು ಹೋದೆ. ಗೆದ್ದೇ ಗೆಲ್ಲುತ್ತಾನೆ ಅಂತ ನನಗೆ ಅನುಮಾನವೇ ಇರಲಿಲ್ಲ.

ಜಡ್ಜ್ ವಯಸ್ಸಾದವರು. ಪುಟ್ಟ ನಾಯಿಗಳನ್ನು ಟೇಬಲ್ ಮೇಲೆ ನಿಲ್ಲಿಸಿ ನೋಡುತ್ತಾರೆ. ಹಲ್ಲು ನೋಡಿದರು, ಭುಜದ ಮೂಳೆ ಎಷ್ಟು ಹಿಂದಕ್ಕೆ ವಾಲಿದೆ ಅಂತ ಬೆರಳಿಟ್ಟು ನೋಡಿದರು. ಆಮೇಲೆ ಮುಂಗಾಲುಗಳ ಹಿಂದೆ ಎದೆಯನ್ನು ಎರಡೂ ಕೈಯಲ್ಲಿ ಸುತ್ತಿ ಹಿಡಿದರು. ಕೈಗಳು ಕೂಡಬೇಕು. ಕೂಡದಿದ್ದರೆ ಆ ಎದೆ ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಲೆಕ್ಕ. ಎತ್ತರ 25ರಿಂದ 30 ಸೆಂಟಿಮೀಟರ್, ಪ್ರತಿ 5 ಸೆಂಟಿಮೀಟರಿಗೆ ಒಂದು ಕಿಲೋ ತೂಕ, ಎದೆಯ ಸುತ್ತಳತೆ 40ರಿಂದ 43. ಗುಂಡ ಎಲ್ಲದರಲ್ಲೂ ಪಾಸು. ನಾನು ಮನಸ್ಸಲ್ಲೇ ಟ್ರೋಫಿಗೆ ಶೋಕೇಸಲ್ಲಿ ಜಾಗ ಮಾಡಿದ್ದೆ.

ಆಮೇಲೆ ಓಡಿಸಿ ಅಂದರು. ನೇರ ಹೋಗಿ, ನೇರ ವಾಪಸ್ ಬರಬೇಕು. ಹೋಗುವಾಗ ಹಿಂಗಾಲು, ಬರುವಾಗ ಮುಂಗಾಲು, ಸುತ್ತು ಹೊಡೆಯುವಾಗ ಪಕ್ಕದಿಂದ ಹೆಜ್ಜೆಯ ಚಾಚು. ನಿಂತಾಗ ಮುಚ್ಚಿಡಬಹುದಾದ ದೋಷ ನಡೆದಾಗ ಬಯಲಾಗುತ್ತದೆ. ಗುಂಡ ತನ್ನ ಸ್ಟೈಲಲ್ಲಿ ಕುಪ್ಪಳಿಸಿದ. "ಇನ್ನೊಂದ್ಸಲ, ಬೆಲ್ಟ್ ಸಡಿಲ ಬಿಡಿ" ಅಂದರು ಜಡ್ಜ್. ಮತ್ತೆ ಕುಪ್ಪಳಿಸಿದ. ನಾಲ್ಕು ನಾಯಿಗಳಲ್ಲಿ ನಾಲ್ಕನೆಯವನಾದ.

ಎಲ್ಲ ಮುಗಿದ ಮೇಲೆ ಜಗಳ ಆಡುವ ಮೂಡಿನಲ್ಲೇ ಅವರ ಹತ್ತಿರ ಹೋದೆ. "ಒಳ್ಳೇ ನಾಯಿ. ಆದರೆ ಆ ಎಡಗಾಲಿನ ಮಂಡಿ ಡಾಕ್ಟರಿಗೆ ತೋರಿಸಿ. ಅಲ್ಲೀವರೆಗೂ ಇವನಿಂದ ಮರಿ ಮಾಡಿಸ್ಬೇಡಿ" ಅಂದರು. ನಾನು ಎರಡು ವರ್ಷದಿಂದ ನೋಡುತ್ತಿದ್ದದ್ದನ್ನು ಅವರು ಒಂದು ನಿಮಿಷದಲ್ಲಿ ನೋಡಿದ್ದರು.

ಡಾಕ್ಟರು ಮಂಡಿಯನ್ನು ಹೆಬ್ಬೆರಳಲ್ಲಿ ಒತ್ತಿದರು. ಮಂಡಿಚಿಪ್ಪು ಪಕ್ಕಕ್ಕೆ ಜಾರಿತು, ಕಾಲು ನೇರ ಮಾಡಿದಾಗ ವಾಪಸ್ ಬಂತು. ಅದು ಕೂರಬೇಕಾದ ಗಾಡಿಯಿಂದ ಹೀಗೆ ಹಳಿ ತಪ್ಪಿದಾಗೆಲ್ಲ ನಾಯಿ ಕಾಲೆತ್ತಿ ಕುಪ್ಪಳಿಸುತ್ತದಂತೆ. ಪುಟ್ಟ ತಳಿಗಳಲ್ಲಿ ಮಾಮೂಲಿ. ನಾಲ್ಕು ಹಂತಗಳಿವೆ, ಗುಂಡನದು ಎರಡನೆಯದು. ಸದ್ಯಕ್ಕೆ ತೂಕ ಏರದಂತೆ ನೋಡಿಕೊಳ್ಳಿ, ಜಾಸ್ತಿಯಾದರೆ ಆಪರೇಷನ್ ಅಂದರು. ಬಹಳಷ್ಟು ಸಲ ಇದು ವಂಶದಲ್ಲೇ ಬರುತ್ತದೆ ಅಂತಲೂ ಹೇಳಿದರು.

ನನಗೆ ಕುತ್ತಿಗೆಗೆ ಬಂದದ್ದು ಅಲ್ಲೇ. ಮುಂದಿನ ತಿಂಗಳು ಗುಂಡನಿಗೆ ಹೆಣ್ಣು ಗೊತ್ತಾಗಿತ್ತು. ಒಂದು ಮರಿಗೆ ನಮ್ಮ ಟೀಮಿನವನೊಬ್ಬ ಅಡ್ವಾನ್ಸೂ ಕೊಟ್ಟಿದ್ದ, ಅದು ಆಗಲೇ ಖರ್ಚಾಗಿತ್ತು. ನಡುವೆ ನಿಂತು ಮಾತಾಡಿಸಿದವನಿಗೆ ಫೋನ್ ಮಾಡಿದರೆ, "ಯಾರಿಗ್ ಗೊತ್ತಾಗತ್ತೆ ಸಾರ್, ಸುಮ್ನಿರಿ" ಅಂದ. ಸುಳ್ಳು ಯಾಕೆ ಹೇಳಲಿ, ಒಂದು ರಾತ್ರಿ ಸುಮ್ಮನಿರೋಣ ಅಂತಲೇ ಅನ್ನಿಸಿತ್ತು. ಬೆಳಿಗ್ಗೆ ವಾಕಿಂಗಿಗೆ ಹೋದಾಗ ಗುಂಡ ಮತ್ತೆ ಕಾಲೆತ್ತಿದ. ಸಣ್ಣ ಸಣ್ಣ ಗುಂಡರು ಸಾಲಾಗಿ ಕಾಲೆತ್ತಿ ಕುಪ್ಪಳಿಸುವುದು ಕಣ್ಮುಂದೆ ಬಂತು. ಹೆಣ್ಣಿನ ಕಡೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಡ್ವಾನ್ಸನ್ನು ಸಂಬಳ ಬಂದ ಮೇಲೆ ವಾಪಸ್ ಕೊಟ್ಟೆ.

ಅಮ್ಮನಿಗೂ ಫೋನ್ ಮಾಡಿದೆ. "ನಾನವತ್ತೇ ಬಡ್ಕೊಂಡೆ" ಅಂತ ಬೈತಾಳೆ ಅಂದುಕೊಂಡಿದ್ದೆ.

"ನೋಯ್ತಿತ್ತೇನೋ ಪಾಪ, ಅದಕ್ಕೆ ಬಾಯಿಲ್ವಲ್ಲ" ಅಂದಳು, ಅಷ್ಟೇ.